ನಿಮಿಷಕ್ಕೆ ನಲವತ್ತೈದು ಸುತ್ತು

ಮಿಸೌರಿಯ ತೆಂಕಣ ತುದಿ, ಹತ್ತಿ ಹೊಲಗಳ ನಡುವೆ
ಬಾಗಿಲು ಹಾಕಿದ ಫರ್ನಿಚರ್ ಅಂಗಡಿಯ ಹರಾಜು.
ನಾನು ಹೋದದ್ದು ಒಂದು ಒರಗು ಕುರ್ಚಿಯ ಆಸೆಗೆ.
ಕುರ್ಚಿ ಇನ್ನಾರದೋ ಪಾಲಾಯಿತು.
ಮೂರು ಡಾಲರಿಗೆ ಸಿಕ್ಕಿದ್ದು ಬೂಟಿನ ಪೆಟ್ಟಿಗೆ:
ಬಾಗಿಲ ಹಿಡಿ, ತುಕ್ಕು ತಿಂದ ಕೀಲು, ರಸೀದಿ ಪುಸ್ತಕ,
ತಳದಲ್ಲಿ, ಲಕೋಟೆಯೂ ಇಲ್ಲದೆ, ಒಂದು ಕರಿ ತಟ್ಟೆ.

ಲೇಬಲ್ಲಿನ ಮೇಲೆ ವಾರೆಯಾಗಿ ಟೈಪು ಮಾಡಿದ ಅಕ್ಷರ:
ಡ್ವೇನ್ ಮತ್ತು ಓಝೆಲ್ಲಾ ಟ್ಯಾಕೆಟ್.
ವಯಸ್ಸು ಹದಿಮೂರು, ಹತ್ತು.
ಕೆಳಗೆ ಅಂಗಡಿಯ ಹೆಸರು,
ಮಂಚಗಳು ಕಂತಿನಲ್ಲಿ ದೊರೆಯುತ್ತವೆ ಎಂಬ ಮಾತು.
ಇಸವಿ ಐವತ್ತಾರು.

ಮನೆಗೆ ತಂದು, ಒರೆಸಿ, ಮುಳ್ಳು ಇಳಿಸಿದೆ.
ಮೊದಲು ಸಾಸಿವೆ ಸಿಡಿಯಿತು.
ಆಮೇಲೆ ಯಾರೋ ದೊಡ್ಡವರು ಬೇಸ್ ತಂತಿಯನ್ನು
ಕಪಾಳಕ್ಕೆ ಬಾರಿಸಿದ ಹಾಗೆ ಬಾರಿಸಿದರು.
ಆಮೇಲೆ ಹುಡುಗ.
ಮೀಸೆ ಬಾರದ ಗಂಟಲಲ್ಲಿ ಮೀಸೆ ತಿರುವುವ ಧಾಟಿ.
ಅವನ ಅಂಗಿಯ ಚುಂಗು ಹಿಡಿದು ಓಡುವಂತೆ ಹಿಂದೆಯೇ ಹುಡುಗಿ,
ಎರಡನೆಯ ಚರಣದ ನಟ್ಟನಡುವೆ
ಪದವೊಂದನ್ನು ಎರಡಾಗಿ ಸೀಳಿ
ಒಂದು ಬಿಕ್ಕು.

ಬಲ್ಲವರಿಗೆ ಕೇಳಿಸಿದೆ. ಬಲ್ಲವರು ಬರೆದರು:
ರಾಕಬಿಲಿಯ ಗಂಡಸರು ತಿದ್ದಿ ತೀಡಿ ಕಲಿತ ಬಿಕ್ಕನ್ನು
ಹತ್ತರ ಪೋರಿ ಎಷ್ಟು ಸಲೀಸಾಗಿ ಎಸೆದಿದ್ದಾಳೆ!
ಹೆಲ್ಸಿಂಕಿಯ ಹಲ್ಲಿನ ಡಾಕ್ಟರೊಬ್ಬ ಎರಡು ಸಾವಿರ ಡಾಲರೆಂದ.
ಇನ್ನೊಬ್ಬ, ಹೆಸರು ಹೇಳದೆ, ಮೂರು.
ನಾನು ಮಾರಲಿಲ್ಲ. ಪುಣ್ಯಾತ್ಮನೆಂದಲ್ಲ;
ಬಿಕ್ಕಳಿಕೆ ಬಂದರೆ ಯಾರೋ ನೆನೆಯುತ್ತಿದ್ದಾರೆ ಅನ್ನುತ್ತಾರಲ್ಲ,
ಐವತ್ತಾರರಲ್ಲಿ ಈ ಮಗುವನ್ನು ನೆನೆದವರು ಯಾರೆಂಬ
ಹುಳವೊಂದು ತಲೆ ಹೊಕ್ಕಿತ್ತು.

ಟೆಲಿಫೋನ್ ಪುಸ್ತಕದಲ್ಲಿ ಹನ್ನೊಂದು ಟ್ಯಾಕೆಟರು.
ಒಬ್ಬ ಬೈದ. ಒಬ್ಬಾಕೆ ವಿಮೆ ಬೇಡವೆಂದಳು.
ಒಂಬತ್ತನೆಯವನು, ಕೆಮ್ಮುತ್ತ:
"ಓಝಿ ಅತ್ತೆಯೇ? ಶಾಲೆಯ ಅಡುಗೆಮನೆಯಲ್ಲಿ ಇದ್ದವಳು?
ಹಾಡಿದ್ದಳೇ? ಚರ್ಚಿನಲ್ಲೂ ಅವಳದು ಬರೀ ತುಟಿಯಾಟ."

ಗಾಲಿಯ ಮೇಲಿನ ಮನೆ, ಗಾಲಿ ಮಣ್ಣಲ್ಲಿ ಹೂತಿತ್ತು.
ಎಪ್ಪತ್ತು ತುಂಬಿದವಳು, ಮೊಣಕೈವರೆಗೂ ಹಿಟ್ಟು.
ನಾನು ಹೇಳಿದ್ದನ್ನೆಲ್ಲ ಕೇಳಿ
"ಅದು ದ್ರಾಕ್ಷಿ ಸೋಡಾ" ಎಂದಳು.
"ಸಾಹುಕಾರ ಹಾರ್ಗಿಸ್ ಕೊಡಿಸಿದ್ದು, ಮಂಜಿನಂಥದ್ದು.
ಜನ್ಮದಲ್ಲಿ ಮೊದಲ ಸಲ ಇಡೀ ಬಾಟಲಿ ನನ್ನೊಬ್ಬಳಿಗೆ.
ಡ್ವೇನ್ ಕಸಿದುಕೊಂಡಾನೆಂದು ಗಟಗಟ ಇಳಿಸಿದೆ.
ಮೈಕು ಎಟುಕಲೆಂದು ಪೀಚ್ ಹಣ್ಣಿನ ಪೆಟ್ಟಿಗೆ ಹತ್ತಿಸಿದ್ದರು.
ಹಾಡು ಶುರುವಾಯಿತು, ಬಿಕ್ಕಳಿಕೆಯೂ.
ಮಷೀನಿನವನದು ಗಂಟೆಯ ಲೆಕ್ಕ, ಇನ್ನೊಮ್ಮೆ ಅನ್ನುವಂತಿಲ್ಲ.
ಡ್ವೇನ್ ಹಾಡುತ್ತಲೇ ಕಣ್ಣಲ್ಲಿ ನುಂಗಿದ ನನ್ನನ್ನು.
ಮಾತು ಬಿಟ್ಟ. ಮಂಗಳವಾರದ ತನಕ."

ಮುಂದಿನ ವಸಂತಕ್ಕೆ ಅವನ ದನಿ ಒಡೆಯಿತು.
ಅಲ್ಲಿಗೆ ಮುಗಿಯಿತು. ಟ್ರ್ಯಾಕ್ಟರ್ ರಿಪೇರಿಗೆ ಕೂತ,
ಐವತ್ತು ವರ್ಷ ಇಂಜಿನ್ನುಗಳ ಬಿಕ್ಕು ನಿಲ್ಲಿಸಿದ.
ಎರಡು ಚಳಿಗಾಲದ ಹಿಂದೆ ಅಪ್ಪನ ಪಕ್ಕದಲ್ಲಿ ಮಲಗಿಸಿದರು.

ಮನೆಗೆಂದು ಕೊಟ್ಟ ತಟ್ಟೆ ಎರಡು.
ಒಂದು ಕಾರಿನ ಹಿಂಗಾಜಿನಡಿ ಬಿಸಿಲಿಗೆ ಹಪ್ಪಳವಾಯಿತು,
ಇನ್ನೊಂದು ಅಜ್ಜಿಯ ಹೂಕುಂಡದ ಕೆಳಗೆ ಹೋಯಿತು.
ನುಡಿಸುವ ಯಂತ್ರವೇ ಅವರಲ್ಲಿರಲಿಲ್ಲ.
ಹಾಡಿದವಳು ಹಾಡು ಕೇಳಿಯೇ ಇರಲಿಲ್ಲ.

"ಈಗ ಎಷ್ಟು ಬಾಳುತ್ತೆ?" ಎಂದಳು. ಹೇಳಿದೆ.
"ಹಾಗಾದರೆ ಸುಮ್ಮಸುಮ್ಮನೆ ನುಡಿಸಬೇಡ, ಸವೆದೀತು."
ಆದರೂ ಮೇಜಿನ ಹಿಟ್ಟು ಒರೆಸಿ ಜಾಗ ಮಾಡಿದಳು.

ಸಾಸಿವೆ. ಕಪಾಳ. ಹುಡುಗ.
ಒದ್ದೆ ಬಟ್ಟೆ ಹಿಡಿದು ನಿಂತೇ ಇದ್ದಳು,
ಪಕ್ಕದ ಮನೆಯ ಮಕ್ಕಳು ಹಾಡುತ್ತಿದ್ದಾರೆಂಬಂತೆ.
ಎರಡನೆಯ ಚರಣ ಹತ್ತಿರ ಬಂತು.
ನನಗೆ ಗೊತ್ತಿತ್ತು. ಅವಳಿಗೂ.
ಕೈ ತಾನಾಗಿ ಬಾಯಿಗೆ ಹೋಯಿತು, ಅರವತ್ತು ವರ್ಷ ತಡವಾಗಿ,
ಬಿಕ್ಕು ಬಂದೇ ಬಂತು,
ಅವಳು ಸರಕ್ಕನೆ ಎಡಕ್ಕೆ ತಿರುಗಿದಳು,
ಫ್ರಿಜ್ಜು, ಒಂದು ಕಸಬರಿಕೆ ಮಾತ್ರ ಇದ್ದ ಕಡೆಗೆ,
ಬೈಸಿಕೊಳ್ಳಲು ತಯಾರಾಗಿ.